ಮಾಧ್ಯಸ್ಥ್ಯ ಮತ್ತು ಅಭಯದಾನ

ದಾನದ ವಿಷಯದಲ್ಲಿ ಜೈನ ಸಮಾಜಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಶಾಲೆಗೆ, ಆಸ್ಪತ್ರೆಗೆ, ಗೋಶಾಲೆಗೆ, ಬಸದಿಯ ಜೀರ್ಣೋದ್ಧಾರಕ್ಕೆ, ಪಂಚಕಲ್ಯಾಣ ಮಹೋತ್ಸವಕ್ಕೆ ಮನಃಪೂರ್ವಕವಾಗಿ ಕೊಡುವ ಶ್ರಾವಕರು ಊರೂರಿನಲ್ಲಿಯೂ ಇದ್ದಾರೆ. ಆದರೆ ಒಂದು ಬಗೆಯ ಕೋರಿಕೆ ಬಂದಾಗ ಮಾತ್ರ ಕೈ ಹಿಂದಕ್ಕೆ ಸರಿಯುತ್ತದೆ. ವಿಚಾರಣೆಯಿಲ್ಲದೆ ಸೆರೆಯಲ್ಲಿ ಕೊಳೆಯುತ್ತಿರುವವನಿಗೆ ವಕೀಲರನ್ನು ಒದಗಿಸುವ, ಪೊಲೀಸ್ ಠಾಣೆಯಲ್ಲಿ ಸಂಭವಿಸಿದ ಸಾವಿನ ಬಗ್ಗೆ ಸತ್ಯಶೋಧನೆ ನಡೆಸುವ, ಸಭೆ ಸೇರುವ ಹಾಗೂ ಮಾತನಾಡುವ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲೇರುವ ನಾಗರಿಕ ಸ್ವಾತಂತ್ರ್ಯ ಸಂಘಟನೆಗಳು ನೆರವು ಕೇಳಿದರೆ, "ಅದು ರಾಜಕೀಯ; ನಾವು ತಟಸ್ಥರು" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರವನ್ನು ಹೇಡಿತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.40 ಲಕ್ಷ, ಅಂದರೆ ನೂರಕ್ಕೆ ಒಬ್ಬರೂ ಇಲ್ಲ. ಬಸದಿಯ ಭೂಮಿ, ರಸ್ತೆ, ರಥೋತ್ಸವದ ಅನುಮತಿ, ಅಂಗಡಿಯ ಪರವಾನಗಿ ಎಲ್ಲಕ್ಕೂ ಆಳುವವರ ಸೌಜನ್ಯ ಬೇಕು. ಇಂದು ಒಂದು ಪಕ್ಷ, ನಾಳೆ ಇನ್ನೊಂದು. ಹೀಗಿರುವಾಗ ಯಾವ ಕಡೆಗೂ ವಾಲದಿರುವುದೇ ವಿವೇಕವೆಂದು ಹಿರಿಯರು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ವಿವೇಕವೆನಿಸಿದ್ದೆಲ್ಲ ಧರ್ಮವಾಗಿರಬೇಕೆಂದಿಲ್ಲ. ತಟಸ್ಥತೆ ಎಂದರೇನು, ಅದು ಯಾರ ವಿಷಯದಲ್ಲಿ ವಿಹಿತ, ಮತ್ತು ಕೊಡುವುದಾದರೆ ಯಾವ ಹಣವನ್ನು ಕೊಡಬಹುದು ಎಂಬ ಮೂರು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ವಿಚಾರಿಸಬೇಕಾಗಿದೆ.

ನಾಲ್ಕು ಭಾವನೆಗಳಲ್ಲಿ ಮಾಧ್ಯಸ್ಥ್ಯದ ಸ್ಥಾನ

ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಿಯು ಭಾವಿಸಬೇಕಾದ ನಾಲ್ಕು ಭಾವನೆಗಳ ನಿರೂಪಣೆಯಿದೆ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುತ್ತಿರುವವರಲ್ಲಿ ಕಾರುಣ್ಯ, ಅವಿನೇಯರಲ್ಲಿ, ಎಂದರೆ ಹೇಳಿದ ಹಿತವನ್ನು ಕೇಳಲಾರದವರಲ್ಲಿ, ಮಾಧ್ಯಸ್ಥ್ಯ. ಈ ಕ್ರಮವನ್ನು ಗಮನವಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಾಧ್ಯಸ್ಥ್ಯವು ಎಲ್ಲರಿಗೂ ಎಲ್ಲ ಕಾಲಕ್ಕೂ ವಿಧಿಸಿದ ಭಾವನೆಯಲ್ಲ. ಹಠಮಾರಿಯ ಮೇಲೆ ದ್ವೇಷ ಹುಟ್ಟದಿರಲಿ ಎಂಬುದಕ್ಕಾಗಿ ಅದು ವಿಹಿತವಾಗಿದೆ. ಕಷ್ಟದಲ್ಲಿರುವವನಿಗೆ ವಿಹಿತವಾದದ್ದು ಕಾರುಣ್ಯ.

ಹಾಗಾದರೆ ಪಕ್ಷಗಳ ಕಚ್ಚಾಟದಲ್ಲಿ ಶ್ರಾವಕನು ಮಧ್ಯಸ್ಥನಾಗಿರುವುದು ಸರಿ. ಅಲ್ಲಿ ಎರಡೂ ಕಡೆಯವರು ಅನೇಕ ವೇಳೆ ಅವಿನೇಯರೇ. ಆದರೆ ಆ ಕಚ್ಚಾಟದಲ್ಲಿ ಸಿಕ್ಕಿ ಜಾಮೀನಿಲ್ಲದೆ ಸೆರೆಮನೆಯಲ್ಲಿ ಕುಳಿತವನು, ಮನೆಯ ದುಡಿಯುವ ಕೈಯನ್ನು ಕಳೆದುಕೊಂಡ ಅವನ ಹೆಂಡತಿ ಮಕ್ಕಳು ಕ್ಲೇಶಪಡುತ್ತಿರುವವರ ವರ್ಗಕ್ಕೆ ಸೇರುತ್ತಾರೆ. ಅವರ ಮುಂದೆ ನಿಂತು "ನಾನು ಮಧ್ಯಸ್ಥ" ಎನ್ನುವುದು ಒಂದು ಭಾವನೆಯ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟಂತೆ. ಹೊಟ್ಟೆನೋವಿಗೆ ಕಣ್ಣಿನ ಮದ್ದು ಕೊಟ್ಟರೆ ಮದ್ದಿನದೇನೂ ದೋಷವಿಲ್ಲ. ಕೊಟ್ಟ ಜಾಗ ತಪ್ಪು.

ಕನ್ನಡ ನಾಡಿನ ಶಾಸನಗಳಲ್ಲಿ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಆಹಾರದಾನಕ್ಕೆ ಛತ್ರಗಳಿವೆ, ಭೈಷಜ್ಯಕ್ಕೆ ಆಸ್ಪತ್ರೆಗಳಿವೆ, ಶಾಸ್ತ್ರಕ್ಕೆ ಗುರುಕುಲಗಳೂ ಗ್ರಂಥಮಾಲೆಗಳೂ ಇವೆ. ಅಭಯದಾನವನ್ನು ಮಾತ್ರ ಇಂದು ಕಸಾಯಿಖಾನೆಯಿಂದ ಪ್ರಾಣಿಗಳನ್ನು ಬಿಡಿಸುವುದಕ್ಕೆ ಸೀಮಿತಗೊಳಿಸಲಾಗಿದೆ. ಅದು ಶ್ರೇಷ್ಠ ಕಾರ್ಯ. ಆದರೆ ಮನುಷ್ಯನ ಭಯವನ್ನು ನೀಗಿಸುವುದೂ ಅಭಯದಾನವೇ ಅಲ್ಲವೆ? ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರ ಆಚಾರ್ಯರು ದಾನಕ್ಕೆ ದೃಷ್ಟಾಂತವಾಗಿ ಸೂಚಿಸಿದವರಲ್ಲಿ ಒಂದು ಕಾಡುಹಂದಿಯೂ ಸೇರಿದೆ. ಗುಹೆಯಲ್ಲಿದ್ದ ಮುನಿಗೆ ಎರಗಲು ಬಂದ ಹುಲಿಯನ್ನು ಅದು ತಡೆದು ಪ್ರಾಣ ಬಿಟ್ಟಿತೆಂಬುದು ಕಥೆ. ಹುಲಿಗೂ ಮುನಿಗೂ ನಡುವೆ ತಾನು ತಟಸ್ಥನೆಂದು ಆ ಮೂಕಪ್ರಾಣಿ ಭಾವಿಸಲಿಲ್ಲ. ರಕ್ಷಿಸಬೇಕೆಂಬ ಭಾವವೇ ಅದರ ಸದ್ಗತಿಗೆ ಕಾರಣವಾಯಿತೆಂದು ಶಾಸ್ತ್ರಜ್ಞರು ವಿವರಿಸಿದ್ದಾರೆ.

ಕಾಗೋಡಿನ ಕೊಳಗ

ಮಾಧ್ಯಸ್ಥ್ಯವೆಂದರೆ ಸುಮ್ಮನಿರುವುದಲ್ಲ, ಎಲ್ಲರಿಗೂ ಒಂದೇ ಅಳತೆಯನ್ನು ಬಳಸುವುದು ಎಂಬುದಕ್ಕೆ ಮಲೆನಾಡಿನಲ್ಲಿಯೇ ಒಂದು ನಿದರ್ಶನವಿದೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹವನ್ನು ಇಂದು ಭೂಸುಧಾರಣೆಯ ಇತಿಹಾಸದ ಒಂದು ಅಧ್ಯಾಯವಾಗಿ ಓದುತ್ತೇವೆ. ಅದರ ಮೂಲದಲ್ಲಿದ್ದ ತಕರಾರು ವರ್ತಕರಿಗೆ ಸುಲಭವಾಗಿ ಅರ್ಥವಾಗುವಂಥದು: ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರ. ಒಡೆಯರ ಕೊಳಗ ನಿಗದಿಯಾದ ಅಳತೆಗಿಂತ ದೊಡ್ಡದೆಂದು ಗೇಣಿದಾರರು ದೂರಿದರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಮೊದಲಾದ ಸಮಾಜವಾದಿಗಳು ಜೊತೆಗೂಡಿದರು. ಬೆಂಬಲಿಸಲು ಬಂದ ರಾಮಮನೋಹರ ಲೋಹಿಯಾ ಅವರ ಬಂಧನವಾಯಿತು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು.

ಆ ದಿನಗಳಲ್ಲಿ ಸೆರೆಮನೆ ಸೇರಿದ ರೈತನ ಪರವಾಗಿ ನ್ಯಾಯಾಲಯದ ಖರ್ಚಿಗೆ ನಾಲ್ಕು ರೂಪಾಯಿ ಕೊಡುವುದು ರಾಜಕೀಯವೆನಿಸುತ್ತಿತ್ತು. ಆದರೆ ಕೊಳಗದ ಪ್ರಶ್ನೆ ಶ್ರಾವಕನಿಗೆ ಹೊಸತೇ? ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆಯನ್ನು ಬಳಸುವುದು ಕಳವಿಗೆ ಸಮೀಪದ ದೋಷವೆಂದು ಶಾಸ್ತ್ರವೇ ಹೇಳಿದೆ. ಪಕ್ಷಗಳ ದೃಷ್ಟಿಯಿಂದ ಅದು ಸಮಾಜವಾದಿಗಳಿಗೂ ಆಳುವವರಿಗೂ ನಡೆದ ಹೋರಾಟ. ವ್ರತದ ದೃಷ್ಟಿಯಿಂದ ಅದು ಅಳತೆಯ ಪ್ರಶ್ನೆ. 1974ರ ತಿದ್ದುಪಡಿಯ ನಂತರ ಮಲೆನಾಡು ಕರಾವಳಿಗಳ ಜೈನ ಮನೆತನಗಳಲ್ಲಿಯೂ ಹಲವು ಭೂಮಿಯನ್ನು ಕಳೆದುಕೊಂಡವು. ಅವರ ನೋವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೂ ಅಳತೆ ಸರಿಯಿರಬೇಕೆಂಬ ಮಾತು ಒಡೆಯನು ಸ್ವಧರ್ಮೀಯನಾದ ಮಾತ್ರಕ್ಕೆ ಬದಲಾಗಲಾರದು.

ಇಲ್ಲಿ ಶಾಸ್ತ್ರಾಧಾರದ ಆಕ್ಷೇಪವೊಂದು ಬರಬಹುದು. ಅದೇ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಇದೆ. ಆದ್ದರಿಂದ ಸರಕಾರವನ್ನು ಪ್ರಶ್ನಿಸುವವರಿಗೆ ನೆರವಾಗುವುದು ವ್ರತಭಂಗವೆಂದು ವಾದಿಸುವವರುಂಟು. ಪೂಜ್ಯಪಾದರ ಸರ್ವಾರ್ಥಸಿದ್ಧಿಯನ್ನು ನೋಡಿದರೆ ಈ ವಾದ ನಿಲ್ಲುವುದಿಲ್ಲ. ರಾಜ್ಯವು ಕ್ಷೋಭೆಗೊಳಗಾದ ಸಮಯದಲ್ಲಿ ನ್ಯಾಯವಲ್ಲದ ರೀತಿಯಿಂದ ಕೊಡುಕೊಳ್ಳುವುದನ್ನು, ಬೆಲೆಬಾಳುವ ವಸ್ತುವನ್ನು ಅಲ್ಪ ಬೆಲೆಗೆ ಗಿಟ್ಟಿಸುವ ಪ್ರಯತ್ನವನ್ನು ಅವರು ಈ ಅತಿಚಾರವೆಂದು ವಿವರಿಸುತ್ತಾರೆ. ಅಂದರೆ ಅಲ್ಲಿ ನಿಷೇಧಿಸಿದ್ದು ಅಶಾಂತಿಯ ಲಾಭ ಪಡೆಯುವ ವ್ಯಾಪಾರವನ್ನು. ನ್ಯಾಯಾಲಯದಲ್ಲಿ, ಕಾಯಿದೆಯ ಮಾರ್ಗದಲ್ಲಿ ಒಬ್ಬನ ಹಕ್ಕನ್ನು ಕೇಳುವುದು ಈ ದೋಷದ ವ್ಯಾಪ್ತಿಗೆ ಬರುವುದಿಲ್ಲ.

ಬುಸುವಿಸೆಟ್ಟಿಯ ಮಾದರಿ

ಜೈನ ಸಮಾಜವು ತನ್ನ ಹಕ್ಕಿಗಾಗಿ ಸಂಘಟಿತವಾಗಿ ಮೊರೆಯಿಟ್ಟ, ಅದಕ್ಕಾಗಿ ಹಣವನ್ನೂ ಹೊಂದಿಸಿದ ಪ್ರಸಂಗ ಕನ್ನಡ ನಾಡಿನ ಚರಿತ್ರೆಯಲ್ಲಿಯೇ ಇದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಸ್ಥಳಗಳ ಭವ್ಯಜನರು ವಿಜಯನಗರದ ಬುಕ್ಕರಾಯನಿಗೆ ಅನ್ಯಾಯವನ್ನು ಬಿನ್ನವಿಸಿಕೊಂಡರು. ಅರಸನು ವೈಷ್ಣವರ ಕೈಯಲ್ಲಿ ಜೈನರ ಕೈಯನ್ನಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಜೈನರಿಗೆ ಪೂರ್ವದಂತೆ ಸಲ್ಲತಕ್ಕದ್ದೆಂದೂ, ಜೈನದರ್ಶನಕ್ಕಾದ ಹಾನಿಯನ್ನು ವೈಷ್ಣವರು ತಮಗಾದ ಹಾನಿಯೆಂದೇ ತಿಳಿಯಬೇಕೆಂದೂ ವಿಧಿಸಿದನು. ಶ್ರವಣಬೆಳಗೊಳದಲ್ಲಿ ಈ ಶಾಸನವಿದೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೆ.

ಶಾಸನದ ಉತ್ತರಾರ್ಧವೇ ಈ ಚರ್ಚೆಗೆ ಹೆಚ್ಚು ಬೆಲೆಯುಳ್ಳದ್ದು. ರಾಜ್ಯದ ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡಬೇಕು. ಆ ಹಣದಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿಯನ್ನು ನೇಮಿಸಬೇಕು. ಮಿಕ್ಕದ್ದರಿಂದ ಜೀರ್ಣ ಜಿನಾಲಯಗಳನ್ನು ಸರಿಪಡಿಸಬೇಕು. ಹಣವನ್ನು ವಹಿಸಿಕೊಟ್ಟದ್ದು ತಿರುಮಲೆಯ ತಾತಯ್ಯನಿಗೆ, ಅಂದರೆ ಎದುರು ಪಕ್ಷದ ಗೌರವಾನ್ವಿತ ವ್ಯಕ್ತಿಗೆ. ಈ ಕಾರ್ಯದಲ್ಲಿ ಮುಂದೆ ನಿಂತ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಗೆ ಎರಡೂ ಸಮಯದವರು ಕೂಡಿ ಸಂಘನಾಯಕ ಪಟ್ಟವನ್ನು ಕಟ್ಟಿದರು.

ಇಲ್ಲಿ ಮೂರು ಅಂಶಗಳು ಗಮನಾರ್ಹ. ಹಣ ಒಬ್ಬ ಶ್ರೀಮಂತನ ಕೈಯಿಂದ ಬರಲಿಲ್ಲ, ಪ್ರತಿ ಮನೆಯಿಂದಲೂ ಸಮನಾಗಿ ಬಂದಿತು. ಅದನ್ನು ಕಾಯಲು ನಮ್ಮವನೇ ಆಗಬೇಕೆಂಬ ಹಠವಿರಲಿಲ್ಲ. ಮೂರನೆಯದಾಗಿ, ಅಂದು ತಟಸ್ಥರಾಗಿ ಮನೆಯಲ್ಲಿ ಕುಳಿತಿದ್ದರೆ ಕಲಶವೂ ಇಲ್ಲ, ವಾದ್ಯವೂ ಇಲ್ಲ. ಅಲ್ಪಸಂಖ್ಯಾತರಿಗೆ ನ್ಯಾಯದ ಬಾಗಿಲನ್ನು ತಟ್ಟುವ ಹಕ್ಕು ಎಷ್ಟು ಮುಖ್ಯವೆಂಬುದನ್ನು ಅರಿತ ಸಮಾಜವು ಅದೇ ಬಾಗಿಲನ್ನು ತಟ್ಟುತ್ತಿರುವ ಇತರರನ್ನು ಕಂಡು ಮುಖ ತಿರುಗಿಸುವುದು ಹೇಗೆ?

ಸಂಘಟನೆಗಳ ಪರೀಕ್ಷೆ

ಇನ್ನು, ಈ ಸಂಘಟನೆಗಳು ನಿಜವಾಗಿಯೂ ನಿಷ್ಪಕ್ಷಪಾತವೇ ಎಂಬ ಪ್ರಶ್ನೆ. ಇದು ಸಕಾರಣವಾದ ಪ್ರಶ್ನೆ. 1936ರಲ್ಲಿ ಜವಾಹರಲಾಲ್ ನೆಹರೂ ಅವರ ಪ್ರೇರಣೆಯಿಂದ ಭಾರತೀಯ ನಾಗರಿಕ ಸ್ವಾತಂತ್ರ್ಯ ಸಂಘ ಸ್ಥಾಪನೆಯಾಯಿತು. ರವೀಂದ್ರನಾಥ ಠಾಕೂರರು ಅದರ ಗೌರವಾಧ್ಯಕ್ಷರಾಗಿದ್ದರು. ಮರುವರ್ಷ ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಬಂದ ಮೇಲೆ ಅದರ ಉತ್ಸಾಹ ಕುಗ್ಗಿತು. ತುರ್ತು ಪರಿಸ್ಥಿತಿಯ ನಡುವೆ, 1976ರಲ್ಲಿ, ಜಯಪ್ರಕಾಶ ನಾರಾಯಣರ ಪ್ರೇರಣೆಯಿಂದ ಹುಟ್ಟಿದ ನಾಗರಿಕ ಸ್ವಾತಂತ್ರ್ಯ ಒಕ್ಕೂಟವೂ 1977ರಲ್ಲಿ ಜನತಾ ಸರಕಾರ ಬಂದಾಗ ನಿಸ್ತೇಜವಾಗಿ, 1980ರಲ್ಲಿ ಮತ್ತೆ ಸಂಘಟಿತವಾಯಿತು. ನಮ್ಮವರು ಆಳುತ್ತಿರುವಾಗ ಹಕ್ಕುಗಳಿಗೆ ಕಾವಲು ಬೇಡವೆಂಬ ಭ್ರಮೆ ಎರಡು ಬಾರಿಯೂ ಕಂಡುಬಂದಿತು. ಆದ್ದರಿಂದ ಸಂಘಟನೆಯನ್ನು ಒರೆಗೆ ಹಚ್ಚಬೇಕಾದ ಕಾಲ ಯಾವುದೆಂದರೆ, ಅದರ ಮಿತ್ರರು ಅಧಿಕಾರದಲ್ಲಿರುವ ಕಾಲ. ಆಗಲೂ ಅದೇ ಕೊಳಗದಿಂದ ಅಳೆದರೆ ಅದು ಮಧ್ಯಸ್ಥ ಸಂಸ್ಥೆ.

ಅಮೆರಿಕದಲ್ಲಿ 1920ರಲ್ಲಿ ಸ್ಥಾಪಿತವಾದ ನಾಗರಿಕ ಸ್ವಾತಂತ್ರ್ಯ ಒಕ್ಕೂಟವು 1977-78ರಲ್ಲಿ ಇಂಥ ಕಠಿಣ ಪರೀಕ್ಷೆಯನ್ನು ಎದುರಿಸಿತು. ಹಿಟ್ಲರನ ಅನುಯಾಯಿಗಳೆನಿಸಿದ ಒಂದು ಸಣ್ಣ ಗುಂಪು, ಯಹೂದಿಗಳು ಹೆಚ್ಚಾಗಿದ್ದ ಸ್ಕೋಕಿ ಎಂಬ ಊರಿನಲ್ಲಿ ಮೆರವಣಿಗೆ ನಡೆಸಲು ಅನುಮತಿ ಕೇಳಿತು. ಆ ಗುಂಪಿನ ವಿಚಾರವನ್ನು ಧಿಕ್ಕರಿಸುತ್ತಲೇ ಅದರ ಸಭೆ ಸೇರುವ ಹಕ್ಕಿಗಾಗಿ ಒಕ್ಕೂಟವು ವಾದಿಸಿತು. ವಾದಿಸಿದ ವಕೀಲರೇ ಯಹೂದಿ. ಸಾವಿರಾರು ಸದಸ್ಯರು ಒಕ್ಕೂಟವನ್ನು ತೊರೆದರು, ಆದಾಯ ಕುಸಿಯಿತು. ಆ ನಿಲುವು ಸರಿಯೇ ತಪ್ಪೇ ಎಂಬ ಚರ್ಚೆ ಇಂದಿಗೂ ಇದೆ. ಆದರೆ ಕೊಡುಗೈಗಳು ಸಿಟ್ಟಾಗುವವೆಂದು ಗೊತ್ತಿದ್ದೂ ಅಳತೆಯನ್ನು ಬದಲಿಸದ ಸಂಸ್ಥೆಯನ್ನು ಪಕ್ಷಪಾತಿಯೆಂದು ಕರೆಯಲಾಗದು.

ಅಹಿಂಸೆಯನ್ನು ಪರಮಧರ್ಮವೆಂದು ಭಾವಿಸುವವರಿಗೆ ಇನ್ನೂ ಆಳವಾದ ಆಕ್ಷೇಪವೊಂದಿದೆ. ಈ ಸಂಘಟನೆಗಳು ಪೊಲೀಸರ ಹಿಂಸೆಯನ್ನು ಮಾತ್ರ ಎತ್ತಿ ತೋರಿಸಿ, ಬಂದೂಕು ಹಿಡಿದ ಗುಂಪುಗಳ ಹಿಂಸೆಯ ಬಗ್ಗೆ ಮೌನವಾಗಿರುತ್ತವೆಯೆಂಬುದು ಆ ಆಕ್ಷೇಪ. ನಕ್ಸಲೀಯ ಚಟುವಟಿಕೆ ಮತ್ತು ಪೊಲೀಸ್ ಕಾರ್ಯಾಚರಣೆ ಎರಡನ್ನೂ ಸಮೀಪದಿಂದ ಕಂಡ ಮಲೆನಾಡಿನವರಿಗೆ ಇದು ಬರಿಯ ತರ್ಕವಲ್ಲ. ಈ ಪ್ರಶ್ನೆಯನ್ನು ಹಕ್ಕುಗಳ ಚಳವಳಿಯ ಒಳಗಿನವರೇ ಎತ್ತಿದ್ದಾರೆ. ಆಂಧ್ರಪ್ರದೇಶದ ಕೆ. ಬಾಲಗೋಪಾಲ್ ಅವರು ದೀರ್ಘಕಾಲ ದುಡಿದ ಸಂಘಟನೆಯನ್ನು ಇಂಥದೇ ಭಿನ್ನಾಭಿಪ್ರಾಯದಿಂದ ಬಿಟ್ಟು, 1998ರಲ್ಲಿ ಸಂಗಡಿಗರೊಡನೆ ಮಾನವ ಹಕ್ಕುಗಳ ವೇದಿಕೆಯನ್ನು ಕಟ್ಟಿದರು. ಅನೇಕಾಂತದ ಭಾಷೆಯಲ್ಲಿ ಹೇಳುವುದಾದರೆ, ವ್ಯಕ್ತಿಯ ಹಕ್ಕು ಒಂದು ನಯ, ಸಮಾಜದ ಸುರಕ್ಷೆ ಇನ್ನೊಂದು ನಯ. ಒಂದು ಸಂಸ್ಥೆ ಒಂದು ನಯವನ್ನು ಹಿಡಿದು ಕೆಲಸ ಮಾಡುವುದರಲ್ಲಿ ದೋಷವಿಲ್ಲ. ಇನ್ನೊಂದು ನಯವನ್ನು ಅಲ್ಲಗಳೆದಾಗ ಅದು ದುರ್ನಯವಾಗುತ್ತದೆ. ಹಿಂಸೆಯನ್ನು ಸಮರ್ಥಿಸುವ ಸಂಸ್ಥೆಗೆ ಶ್ರಾವಕನ ಹಣದಲ್ಲಿ ಒಂದು ಕಾಸೂ ಸಲ್ಲದು.

ಹಕ್ಕಿನ ವಾದವು ಒಮ್ಮೊಮ್ಮೆ ನಮ್ಮ ಮೇಲೆಯೇ ತಿರುಗಬಹುದೆಂಬುದನ್ನೂ ಮರೆಯಬಾರದು. ಸಲ್ಲೇಖನದ ವಿರುದ್ಧ 2006ರಲ್ಲಿ ರಾಜಸ್ಥಾನ ಹೈಕೋರ್ಟಿನಲ್ಲಿ ಸಲ್ಲಿಸಲಾದ ಅರ್ಜಿಯು ಜೀವಿಸುವ ಹಕ್ಕಿನ ಹೆಸರಿನಲ್ಲಿಯೇ ಬಂದಿತು. 2015ರ ಆಗಸ್ಟ್ 10ರಂದು ಆ ನ್ಯಾಯಾಲಯವು ಸಂಥಾರಾ ಆಚರಣೆಯನ್ನು ಆತ್ಮಹತ್ಯೆಗೆ ಸಮಾನವೆಂದು ಪರಿಗಣಿಸಿತು. ದೇಶದಾದ್ಯಂತ ಜೈನರು ಮೌನ ಮೆರವಣಿಗೆ ನಡೆಸಿದರು. ಆಗಸ್ಟ್ 31ರಂದು ಸುಪ್ರೀಂ ಕೋರ್ಟು ತಡೆಯಾಜ್ಞೆ ನೀಡಿತು. ಆ ಇಪ್ಪತ್ತೊಂದು ದಿನಗಳಲ್ಲಿ ಸಮಾಜವು ಆಶ್ರಯಿಸಿದ್ದು ಏನನ್ನು? ಶಾಂತವಾಗಿ ಸಭೆ ಸೇರುವ ಸ್ವಾತಂತ್ರ್ಯವನ್ನು, ಧರ್ಮಾಚರಣೆಯ ಸ್ವಾತಂತ್ರ್ಯವನ್ನು, ಮೇಲಿನ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು. ಇವನ್ನು ಇತರರು ಇತರ ಸಂದರ್ಭಗಳಲ್ಲಿ ಬಳಸಿ, ಕಷ್ಟಪಟ್ಟು ಉಳಿಸಿಕೊಂಡದ್ದರಿಂದಲೇ ಅಂದು ನಮಗೆ ಅವು ದೊರೆತವು. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು, ತುರ್ತು ಪರಿಸ್ಥಿತಿಯಲ್ಲಿ ಸೆರೆಯಾದವನು ನ್ಯಾಯಾಲಯಕ್ಕೆ ಮೊರೆಯಿಡುವಂತಿಲ್ಲವೆಂದು ಹೇಳಿತ್ತು, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ದಾಖಲಿಸಿದರು. ಆ ತೀರ್ಪು ರದ್ದಾದದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ.

ಯಾವ ಹಣ?

ಕೊಡಬಹುದೆಂದು ಒಪ್ಪಿದರೂ ಯಾವ ಹಣದಿಂದ ಎಂಬ ಪ್ರಶ್ನೆ ಉಳಿಯುತ್ತದೆ. ಬಸದಿಯ ಹಣದಿಂದ ಕೊಡಲಾಗದು. ಹೊಸನಗರ ತಾಲ್ಲೂಕಿನ ಹೊಂಬುಜವೇ ಮೊದಲಾಗಿ ನಾಡಿನ ಬಸದಿಗಳಿಗೆ ಸಂದ ದಾನಗಳು ಪೂಜೆ, ಜೀರ್ಣೋದ್ಧಾರ, ಋಷಿಗಳ ಆಹಾರದಾನಗಳಂಥ ಗೊತ್ತಾದ ಉದ್ದೇಶಗಳಿಗೆ ಸಂದವು. ಕೊಟ್ಟವರ ಸಂಕಲ್ಪವನ್ನು ಮೀರಿ ದೇವದ್ರವ್ಯವನ್ನು ಬೇರೆಡೆಗೆ ತಿರುಗಿಸಲು ಇಂದಿನ ಧರ್ಮದರ್ಶಿಗಳಿಗೆ ಅಧಿಕಾರವಿಲ್ಲ. ಉದ್ದೇಶ ಎಷ್ಟೇ ಒಳ್ಳೆಯದಾಗಿರಲಿ. ಕಾಯಿದೆಯೂ ಇದನ್ನೇ ಹೇಳುತ್ತದೆ. ಧಾರ್ಮಿಕ ಸಂಸ್ಥೆಗಳ ದುರುಪಯೋಗವನ್ನು ತಡೆಯುವ 1988ರ ಕೇಂದ್ರ ಶಾಸನವು ಅವುಗಳ ಹಣವನ್ನಾಗಲಿ ಸ್ಥಳವನ್ನಾಗಲಿ ರಾಜಕೀಯ ಚಟುವಟಿಕೆಗೆ ಬಳಸುವುದನ್ನು ದಂಡನೀಯ ಅಪರಾಧವೆಂದು ವಿಧಿಸಿದೆ. ಅಲ್ಲಿ ರಾಜಕೀಯ ಚಟುವಟಿಕೆಯೆಂದರೆ ಪಕ್ಷದ ಪ್ರಚಾರ ಮಾತ್ರವಲ್ಲ, ರಾಜಕೀಯ ಸ್ವರೂಪದ ಯಾವುದೇ ಪ್ರಶ್ನೆಯ ಪ್ರಚಾರವೂ ಸೇರುತ್ತದೆ. ಆದ್ದರಿಂದ ಟ್ರಸ್ಟಿನ ಸಭೆಯಲ್ಲಿ ಈ ಕೋರಿಕೆಯನ್ನು ನಿರಾಕರಿಸುವವರು ನಿಯಮದ ದೃಷ್ಟಿಯಿಂದ ಸರಿಯಾಗಿಯೇ ಇದ್ದಾರೆ.

ಆದರೆ ಟ್ರಸ್ಟು ಕೊಡಲಾರದೆಂಬುದರಿಂದ ಟ್ರಸ್ಟಿಯೂ ಕೊಡಬಾರದೆಂದಾಗುವುದಿಲ್ಲ. ಸಭೆಯಿಂದ ಮನೆಗೆ ಬಂದ ಮೇಲೆ ಅವನು ಸ್ವಂತ ದುಡಿಮೆಯುಳ್ಳ ಶ್ರಾವಕ. ಪರಿಗ್ರಹ ಪರಿಮಾಣವ್ರತದಂತೆ ಮಿಕ್ಕದ್ದನ್ನು ದಾನ ಮಾಡಬೇಕಾದವನು. ಅಭಯದಾನ ಹುಟ್ಟಬೇಕಾದದ್ದು ಅಲ್ಲಿ.

ವರ್ತಕರ ತಟಸ್ಥತೆಯ ಬಗ್ಗೆಯೂ ಒಂದು ಮಾತನ್ನು ಹೇಳಲೇಬೇಕು. ಚುನಾವಣೆ ಬಂದಾಗ ಎಲ್ಲ ಪಕ್ಷಗಳಿಗೂ ಚಂದಾ ಕೊಡುವ ರೂಢಿ ಪೇಟೆಗಳಲ್ಲಿದೆ. ಎಲ್ಲರಿಗೂ ಕೊಟ್ಟದ್ದರಿಂದ ಪಕ್ಷಪಾತವಿಲ್ಲವೆಂದು ಸಮಾಧಾನಪಟ್ಟುಕೊಳ್ಳುವುದುಂಟು. ಅದು ಭಯದಿಂದ ಕೊಟ್ಟ ಕಪ್ಪ. ದಾನವೆಂಬ ಹೆಸರು ಅದಕ್ಕೆ ಒಪ್ಪುವುದಿಲ್ಲ. 2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡುಗಳ ಯೋಜನೆಯನ್ನು ಸುಪ್ರೀಂ ಕೋರ್ಟು 2024ರ ಫೆಬ್ರವರಿ 15ರಂದು ರದ್ದುಪಡಿಸಿತು. ಕೊಟ್ಟವರಾರೆಂಬುದು ಮತದಾರನಿಗೆ ತಿಳಿಯದಿರುವುದು ಅವನ ಮಾಹಿತಿ ಹಕ್ಕಿಗೆ ವಿರುದ್ಧವೆಂಬುದು ತೀರ್ಪಿನ ಸಾರ. ಗುಪ್ತದಾನವನ್ನು ನಮ್ಮ ಪರಂಪರೆ ಹೊಗಳುತ್ತದೆ. ಆದರೆ ಪಡೆದವನಿಗೂ ತಿಳಿಯದಂತೆ ಕೊಡುವುದು ಗುಪ್ತದಾನ. ಪಡೆದವನಿಗೆ ತಿಳಿದು ಲೋಕಕ್ಕೆ ಮರೆಯಾಗಿರುವುದು ವ್ಯಾಪಾರ. ಪಕ್ಷಗಳಿಗೆ ಹೆದರಿ ಲಕ್ಷ ಕೊಡುವ ಕೈ, ಸೆರೆಯಲ್ಲಿರುವವನ ವಕೀಲರಿಗೆ ನೂರು ಕೊಡುವಾಗ "ನಾವು ರಾಜಕೀಯಕ್ಕೆ ಇಲ್ಲ" ಎಂದರೆ ಯಾರು ನಂಬಬೇಕು?

ಪಡೆಯುವವರಿಗೂ ಹಣದ ವ್ರತ ಬೇಕು. ಮೇಲೆ ಹೇಳಿದ ಜಯಪ್ರಕಾಶರ ಒಕ್ಕೂಟವು ದೇಶದ ಅಥವಾ ವಿದೇಶದ ಧನಸಹಾಯ ಸಂಸ್ಥೆಗಳಿಂದ ಹಣ ಪಡೆಯದೆ, ಸದಸ್ಯರ ಚಂದಾದಿಂದಲೇ ನಡೆಯುವ ನಿಯಮವನ್ನಿಟ್ಟುಕೊಂಡಿದೆ. ಇದರಿಂದ ಕೆಲಸದ ವ್ಯಾಪ್ತಿ ಕಿರಿದಾಗಬಹುದು, ನಾಲಿಗೆ ಮಾತ್ರ ಸ್ವತಂತ್ರವಾಗಿರುತ್ತದೆ. ದೊಡ್ಡ ದಾನಿ ಒಬ್ಬನಿದ್ದಲ್ಲಿ ಅವನ ಮುಖ ನೋಡಿ ಮಾತನಾಡಬೇಕಾಗುತ್ತದೆ. ಸಾವಿರ ಸಣ್ಣ ದಾನಿಗಳಿದ್ದಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲ. ವಿದೇಶೀ ಹಣದ ಕಾಯಿದೆಯ ವಿಷಯದಲ್ಲಿ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, ಪಕ್ಷರಾಜಕಾರಣದ ಸಂಬಂಧವಿಲ್ಲದೆ ಜನರ ಬೇಡಿಕೆಗಾಗಿ ಚಳವಳಿಯನ್ನು ಬೆಂಬಲಿಸಿದ ಮಾತ್ರಕ್ಕೆ ಸಂಸ್ಥೆಯನ್ನು ರಾಜಕೀಯ ಸಂಸ್ಥೆಯೆನ್ನಲಾಗದೆಂದು ಹೇಳಿತು. ಪಕ್ಷ ಬೇರೆ, ಪ್ರಜೆಯ ಹಕ್ಕು ಬೇರೆ ಎಂಬ ವಿವೇಚನೆಯನ್ನು ಸರ್ವೋಚ್ಚ ನ್ಯಾಯಾಲಯವೇ ಮಾಡಿರುವಾಗ ಶ್ರಾವಕನಿಗೆ ಅದು ಕಷ್ಟವಾಗಬಾರದು.

ಹೀಗಾಗಿ ಧರ್ಮಬಾಂಧವರು ಪರಿಶೀಲಿಸಬಹುದಾದ ಮಾರ್ಗವೊಂದಿದೆ. ಬಸದಿಯ ಲೆಕ್ಕಕ್ಕೆ ಸಂಬಂಧವಿಲ್ಲದಂತೆ, ಇಚ್ಛೆಯುಳ್ಳ ಮನೆಗಳಿಂದ ವರ್ಷಕ್ಕೊಮ್ಮೆ ಸಮನಾದ ಸಣ್ಣ ಮೊತ್ತವನ್ನು ಕೂಡಿಸಿ ಅಭಯನಿಧಿಯೊಂದನ್ನು ಪ್ರತ್ಯೇಕವಾಗಿ ನಡೆಸಬಹುದು. ಅದರ ಮೇಲ್ವಿಚಾರಣೆಯಲ್ಲಿ ಜೈನೇತರ ಸಜ್ಜನರೊಬ್ಬರಾದರೂ ಇರಲಿ. ಜಮಾ ಖರ್ಚನ್ನು ಪ್ರತಿವರ್ಷ ಎಲ್ಲರ ಮುಂದೆ ಓದಲಿ. ನೆರವು ಕೇಳಿ ಬಂದ ಸಂಘಟನೆಗೆ ಮೂರು ಪ್ರಶ್ನೆಗಳನ್ನು ಹಾಕಲಿ: ನಿಮ್ಮ ಮಿತ್ರರು ಆಳುತ್ತಿದ್ದಾಗ ನೀವು ಯಾರ ಪರವಾಗಿ ನಿಂತಿರಿ? ಹಿಂಸೆ ಯಾರಿಂದ ನಡೆದರೂ ಅದನ್ನು ಹಿಂಸೆಯೆಂದು ಕರೆದಿರಾ? ನಿಮ್ಮ ಲೆಕ್ಕದ ಪುಸ್ತಕವನ್ನು ತೋರಿಸುವಿರಾ? ಸಮರ್ಪಕವಾಗಿ ಉತ್ತರಿಸಿದವರಿಗೆ, ಅವರು ನಾಳೆ ಯಾರ ಪರವಾಗಿ ವಾದಿಸಬೇಕೆಂಬ ಷರತ್ತನ್ನು ಹಾಕದೆ ಕೊಡಲಿ.

ಮನೆಗೊಂದು ಹಣ, ಅದನ್ನು ಕಾಯಲು ಅನ್ಯಸಮಯದ ಒಬ್ಬ ತಾತಯ್ಯ: ಆರೂವರೆ ಶತಮಾನಗಳ ಹಿಂದೆ ಕಲ್ಲಿನಲ್ಲಿ ಕೆತ್ತಿಸಿದ ಈ ವ್ಯವಸ್ಥೆಯನ್ನು ಅಂದು ನಮ್ಮ ಹಕ್ಕಿನ ರಕ್ಷಣೆಗಾಗಿ ಪಡೆದೆವು. ಅದನ್ನು ಪರರ ಹಕ್ಕಿಗೂ ವಿಸ್ತರಿಸಿದಾಗಲೇ ಅದು ದಾನವೆನಿಸುತ್ತದೆ.